ಮಳೆಗಾಲದಲ್ಲಿ ಕಾರಿನ ಎಡಗಡೆಯ ಡಿಮ್ ಲೈಟ್ ಆರಿದೆ: ಬಲ್ಬನ್ನು ಮನೆಯಲ್ಲಿಯೇ ಬದಲಾಯಿಸಬಹುದೇ?

ಪ್ರಶ್ನೆ: ಕಟಪಾಡಿಯಿಂದ

ಎಲ್ಲರಿಗೂ ನಮಸ್ಕಾರ. ನಾನು ಓಡಿಸುತ್ತಿರುವುದು ಹಳೆಯದೊಂದು ಸಣ್ಣ ಪೆಟ್ರೋಲ್ ಕಾರು. ಅದರ ಹೆಡ್‌ಲೈಟಿನಲ್ಲಿ ಡಿಮ್ ಮತ್ತು ಬ್ರೈಟ್ ಎರಡಕ್ಕೂ ಒಂದೇ ಬಲ್ಬ್ ಇದ್ದು, ಬಿಡಿಭಾಗದ ಅಂಗಡಿಯವರು ಅದನ್ನು ಎಚ್4 ಎಂದು ಕರೆಯುತ್ತಾರೆ. ಈಗ ಎಡಗಡೆಯ ಡಿಮ್ ಉರಿಯುತ್ತಿಲ್ಲ. ಬ್ರೈಟ್ ಹಾಕಿದರೆ ಎರಡೂ ಕಡೆ ಸರಿಯಾಗಿ ಬೆಳಕು ಬರುತ್ತದೆ. ಕೆಲಸ ಮುಗಿಸಿ ಮಣಿಪಾಲದಿಂದ ಹೊರಡುವಾಗ ಕತ್ತಲಾಗಿರುತ್ತದೆ. ಉಡುಪಿ ದಾಟಿ ಉದ್ಯಾವರದ ಸೇತುವೆಯ ಕಡೆಗೆ ಬರುವಾಗ ಮಳೆ ಜೋರಾಗಿದ್ದರೆ ರಸ್ತೆಯ ಎಡ ಅಂಚು ಎಲ್ಲಿ ಮುಗಿಯುತ್ತದೆ ಎಂಬುದೇ ತಿಳಿಯುವುದಿಲ್ಲ. ಹಾಗೆಂದು ಬ್ರೈಟ್ ಹಾಕಿಕೊಂಡೇ ಬಂದರೆ ಎದುರಿನವರ ಕಣ್ಣು ಕುಕ್ಕುತ್ತದೆ, ಮಳೆಹನಿಗಳ ಮೇಲೆ ಬಿದ್ದ ಬೆಳಕು ನನ್ನ ಕಣ್ಣಿಗೂ ಮರಳಿ ಬರುತ್ತದೆ.

ಮಳೆಗಾಲದಲ್ಲಿ ಗ್ಯಾರೇಜುಗಳಿಗೆ ಕೈತುಂಬ ಕೆಲಸ ಇರುವುದರಿಂದ ಒಂದು ಬಲ್ಬಿಗಾಗಿ ದಿನವಿಡೀ ಕಾರನ್ನು ಬಿಟ್ಟು ಬರಬೇಕಾಗುತ್ತದೆ. ಆದ್ದರಿಂದ ಮನೆಯಲ್ಲಿಯೇ ಬದಲಾಯಿಸುವ ಆಲೋಚನೆ ಇದೆ. ಸ್ಪ್ಯಾನರ್, ಸ್ಕ್ರೂಡ್ರೈವರ್ ಹಿಡಿದು ಸಣ್ಣಪುಟ್ಟ ಕೆಲಸ ಮಾಡುವ ರೂಢಿಯಿದೆ, ಆದರೆ ಕಾರಿನ ವಯರಿಂಗಿಗೆ ಕೈ ಹಾಕಿದ ಅಭ್ಯಾಸವಿಲ್ಲ. ಸುಟ್ಟಿರುವುದು ಬಲ್ಬೇ, ಅಥವಾ ದೋಷ ಫ್ಯೂಸಿನಲ್ಲೋ ವಯರಿನಲ್ಲೋ ಇದೆಯೇ ಎಂಬುದನ್ನು ಬಿಚ್ಚುವ ಮೊದಲೇ ತಿಳಿಯುವ ದಾರಿ ಇದೆಯೇ? ಹೇಗೂ ಬದಲಾಯಿಸುವುದಾದರೆ 100/90 ವ್ಯಾಟಿನದ್ದನ್ನು (ಬ್ರೈಟ್ 100, ಡಿಮ್ 90) ಹಾಕಿ, ಇಲ್ಲವೇ ಎಲ್‌ಇಡಿ ಹಾಕಿ ಎಂಬ ಸಲಹೆಯೂ ಬಂದಿದೆ. ನಮ್ಮ ಕಡೆಯ ಮಳೆಗೆ ಅದರಿಂದ ಪ್ರಯೋಜನ ಉಂಟೇ?

ಇದರ ಜೊತೆಗೆ ಹಿಂದಿನ ಬಲಗಡೆಯ ಲೈಟಿನಲ್ಲಿ ವಿಚಿತ್ರವೊಂದನ್ನು ಗಮನಿಸಿದ್ದೇನೆ. ಬಲಕ್ಕೆ ಇಂಡಿಕೇಟರ್ ಹಾಕಿದಾಗ ಪಕ್ಕದ ಕೆಂಪು ದೀಪವೂ ಮಂಕಾಗಿ ಮಿನುಗುತ್ತದೆ, ಬ್ರೇಕ್ ಒತ್ತಿದಾಗ ಎಡಗಡೆಯಷ್ಟು ಬೆಳಕು ಬಲಗಡೆ ಬರುವುದಿಲ್ಲ. ಅಲ್ಲಿಯೂ ಬಲ್ಬ್ ಬದಲಾಯಿಸಿದರೆ ಸಾಕಾಗುವುದೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ 1: ಸುರತ್ಕಲ್‌ನಿಂದ

ನಮಸ್ಕಾರ. ವಾಹನಗಳ ವಯರಿಂಗ್ ಕೆಲಸವನ್ನೇ ವೃತ್ತಿಯಾಗಿ ಮಾಡಿಕೊಂಡು ಬಂದವನು ನಾನು. ಹೆಡ್‌ಲೈಟಿನ ಮಟ್ಟಿಗೆ ನೀವು ಕೊಟ್ಟ ವಿವರದಲ್ಲಿಯೇ ಅರ್ಧ ಉತ್ತರ ಅಡಗಿದೆ. ಎಚ್4 ಬಲ್ಬಿನೊಳಗೆ ಎರಡು ಫಿಲಮೆಂಟುಗಳು, ಅಂದರೆ ಬೆಳಕು ಕೊಡುವ ತಂತಿಯ ಸುರುಳಿಗಳು, ಇರುತ್ತವೆ: ಡಿಮ್‌ಗೆ 55 ವ್ಯಾಟಿನದು, ಬ್ರೈಟ್‌ಗೆ 60 ವ್ಯಾಟಿನದು. ಬಲ್ಬಿನ ಹಿಂದೆ ಮೂರು ಪಿನ್ನುಗಳು. ಒಂದು ಡಿಮ್‌ನದು, ಒಂದು ಬ್ರೈಟ್‌ನದು, ಮೂರನೆಯದು ಎರಡಕ್ಕೂ ಸೇರಿದ್ದು. ಎಡಗಡೆಯ ಬ್ರೈಟ್ ಉರಿಯುತ್ತಿದೆ ಎಂದಮೇಲೆ ಆ ಮೂರನೆಯ ಪಿನ್ನಿನ ವಯರ್ ಸರಿಯಿದೆ. ಬಲಗಡೆಯ ಡಿಮ್ ಉರಿಯುತ್ತಿದೆ ಎಂದಮೇಲೆ ಸ್ವಿಚ್ಚೂ, ಸ್ವಿಚ್ ಒತ್ತಿದಾಗ ದೀಪಕ್ಕೆ ಕರೆಂಟು ಹಾಯಿಸುವ ರಿಲೇಯೂ ಸರಿಯಿವೆ. ಉಳಿಯುವುದು ಎಡಗಡೆಯ ಡಿಮ್ ಫಿಲಮೆಂಟ್, ಅದಕ್ಕೆ ಪ್ರತ್ಯೇಕ ಫ್ಯೂಸ್ ಇದ್ದರೆ ಆ ಫ್ಯೂಸ್, ಮತ್ತು ಬಲ್ಬಿನ ಹಿಂದೆ ಸಿಕ್ಕಿಸುವ ವಯರುಗಳ ಕಪ್ಲರಿನೊಳಗಿನ ಡಿಮ್ ಪಿನ್. ಈ ಮೂರರಲ್ಲಿ ಫಿಲಮೆಂಟ್ ತುಂಡಾಗಿರುವ ಸಂಭವವೇ ಹೆಚ್ಚು, ಏಕೆಂದರೆ ರಾತ್ರಿಯಲ್ಲಿ ಹೆಚ್ಚು ಹೊತ್ತು ಉರಿಯುವುದು ಡಿಮ್.

ಫ್ಯೂಸ್ ನೋಡುವುದು ಸುಲಭವಾದ್ದರಿಂದ ಅಲ್ಲಿಂದ ಆರಂಭಿಸಿ. ಕಾರಿನ ಜೊತೆ ಬಂದ ಕೈಪಿಡಿಯಲ್ಲಿ ಫ್ಯೂಸ್ ಪೆಟ್ಟಿಗೆಯ ನಕ್ಷೆ ಇರುತ್ತದೆ. ಪೆಟ್ಟಿಗೆಯ ಮುಚ್ಚಳದ ಒಳಮೈಯಲ್ಲಿಯೂ ಇರುವುದುಂಟು. ಕೆಲವು ಕಾರುಗಳಲ್ಲಿ ಒಂದು ಬದಿಯ ಡಿಮ್ ಮತ್ತು ಬ್ರೈಟ್ ಎರಡಕ್ಕೂ ಸೇರಿ ಒಂದೇ ಫ್ಯೂಸ್ ಇರುತ್ತದೆ. ನಿಮ್ಮದು ಹಾಗಿದ್ದರೆ ಬ್ರೈಟ್ ಉರಿಯುತ್ತಿರುವುದೇ ಫ್ಯೂಸ್ ಸರಿಯಿದೆ ಎಂಬುದಕ್ಕೆ ಸಾಕ್ಷಿ. ಪ್ರತ್ಯೇಕ ಫ್ಯೂಸ್ ಇದ್ದು ಅದು ಹೋಗಿದ್ದರೆ ಅಷ್ಟೇ ಆಂಪಿಯರಿನದನ್ನು ಹಾಕಿ. 10 ಆಂಪಿಯರಿನ ಜಾಗದಲ್ಲಿ 20 ಆಂಪಿಯರಿನದನ್ನು ಹಾಕುವುದು, ತಾಮ್ರದ ಎಳೆ ಸುತ್ತಿ ಸಿಕ್ಕಿಸುವುದು, ಇವೆಲ್ಲ ಬೆಂಕಿಯನ್ನು ಕರೆತರುವ ಕೆಲಸಗಳು; ಹೊಸ ಫ್ಯೂಸ್ ಮತ್ತೆ ಹೋದರೆ ವಯರ್ ಎಲ್ಲೋ ತಗಲುತ್ತಿದೆ ಎಂದೇ ತಿಳಿಯಬೇಕು.

ಬಲ್ಬ್ ಬಿಚ್ಚುವ ಕೆಲಸವನ್ನು ಹಗಲು ಹೊತ್ತಿನಲ್ಲಿ, ಮಾಡಿನ ಕೆಳಗೆ, ನೀರು ಬೀಳದ ಜಾಗದಲ್ಲಿ ಇಟ್ಟುಕೊಳ್ಳಿ. ಎಂಜಿನ್ ಆರಿಸಿ, ಲೈಟಿನ ಸ್ವಿಚ್ ಆಫ್ ಮಾಡಿ, ಕೀಲಿಯನ್ನು ತೆಗೆದು ಕಿಸೆಯಲ್ಲಿಟ್ಟುಕೊಳ್ಳಿ. ಓಡಿಸಿ ಬಂದ ಕೂಡಲೇ ಕೈ ಹಾಕಬೇಡಿ. ಬಲ್ಬ್ ಮಾತ್ರವಲ್ಲದೆ ಪಕ್ಕದ ರೇಡಿಯೇಟರೂ ಬಿಸಿಯಾಗಿರುತ್ತದೆ, ಕೆಲವು ಕಾರುಗಳಲ್ಲಿ ಎಂಜಿನ್ ಆರಿಸಿದ ಮೇಲೂ ರೇಡಿಯೇಟರಿನ ಫ್ಯಾನ್ ತಾನಾಗಿ ತಿರುಗುತ್ತದೆ. ಕಾಲು ಗಂಟೆ ಕಾದರೆ ಸಾಕು. ಬಾನೆಟ್ ಎತ್ತಿ ಹೆಡ್‌ಲೈಟಿನ ಹಿಂಬದಿ ನೋಡಿದರೆ ಮೂರು ವಯರುಗಳ ಕಪ್ಲರ್, ಅದರ ಮುಂದೆ ನೀರು ತಡೆಯುವ ಕಪ್ಪು ರಬ್ಬರಿನ ಮುಚ್ಚಳ, ಅಂದರೆ ಬೂಟ್, ಕಾಣುತ್ತದೆ. ಬ್ಯಾಟರಿ ಇರುವ ಬದಿಯಲ್ಲಿ ಕೈ ಆಡಿಸಲು ಜಾಗ ಕಡಿಮೆ. ತೀರಾ ಇಕ್ಕಟ್ಟಾಗಿದ್ದರೆ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ಬಿಚ್ಚಿ, ಆಮೇಲೆ ಪಾಸಿಟಿವ್ ತಂತಿಯನ್ನು ಬಿಚ್ಚಿ ಬ್ಯಾಟರಿಯನ್ನೇ ಹೊರಗಿಡುವುದು ಲೇಸು; ಮರಳಿ ಜೋಡಿಸುವಾಗ ನೆಗೆಟಿವ್ ಕೊನೆಗೆ.

ಕಪ್ಲರನ್ನು ಹಿಡಿದು ನೇರವಾಗಿ ಹಿಂದಕ್ಕೆ ಎಳೆಯಬೇಕು. ವಯರ್ ಹಿಡಿದು ಎಳೆಯಬಾರದು. ವರ್ಷಗಟ್ಟಲೆ ಬಿಚ್ಚದೆ ಇದ್ದರೆ ಅದು ಗಟ್ಟಿಯಾಗಿ ಕೂತಿರುತ್ತದೆ, ಆಗ ಆಚೀಚೆ ಸ್ವಲ್ಪ ಸ್ವಲ್ಪವೇ ಅಲುಗಿಸುತ್ತ ತೆಗೆಯಿರಿ. ಬಂದ ಕಪ್ಲರಿನ ಒಳಗೆ ಕಡ್ಡಾಯವಾಗಿ ಬೆಳಕು ಬಿಟ್ಟು ನೋಡಿ. ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿದ್ದರೆ, ಕರಗಿದ್ದರೆ, ಒಂದು ಪಿನ್ ಮಾತ್ರ ಕಪ್ಪಾಗಿದ್ದರೆ ದೋಷ ಬಲ್ಬಿನದು ಮಾತ್ರವಲ್ಲ. ಆಮೇಲೆ ರಬ್ಬರಿನ ಬೂಟನ್ನು ಅದರ ಕಿವಿ ಹಿಡಿದು ಕೀಳಿ. ಈಗ ಬಲ್ಬನ್ನು ಒತ್ತಿ ಹಿಡಿದಿರುವ ತಂತಿಯ ಕ್ಲಿಪ್ ಕಾಣುತ್ತದೆ. ಅದನ್ನು ಮುಟ್ಟುವ ಮೊದಲು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ, ಯಾಕೆಂದರೆ ಮರಳಿ ಹಾಕುವಾಗ ತುದಿ ಯಾವ ಕೊಕ್ಕೆಯೊಳಗೆ ಇತ್ತೆಂಬ ಗೊಂದಲ ಹೆಚ್ಚಿನವರಿಗೆ ಬರುತ್ತದೆ. ಕ್ಲಿಪ್ಪಿನ ತುದಿಯನ್ನು ಒಳಕ್ಕೆ ಒತ್ತಿ ಪಕ್ಕಕ್ಕೆ ಸರಿಸಿದರೆ ಅದು ಬಿಡಿಸಿಕೊಂಡು ಬಾಗಿಲಿನಂತೆ ತೆರೆದುಕೊಳ್ಳುತ್ತದೆ. ಪೂರ್ತಿ ಕಳಚುವ ಅಗತ್ಯವಿಲ್ಲ.

ಹೊರಬಂದ ಬಲ್ಬನ್ನು ಬೆಳಕಿಗೆ ಹಿಡಿದು ನೋಡಿ. ಫಿಲಮೆಂಟಿನ ಸುರುಳಿ ತುಂಡಾಗಿದ್ದರೆ ಕಣ್ಣಿಗೇ ಕಾಣುತ್ತದೆ. ಗಾಜಿನ ಒಳಗೆ ಬಿಳಿ ಅಥವಾ ಹಳದಿ ಪುಡಿ ಹರಡಿದ್ದರೆ ಗಾಜಿನಲ್ಲಿ ಬಿರುಕು ಬಂದು ಗಾಳಿ ಒಳಹೊಕ್ಕಿದೆ ಎಂದರ್ಥ, ಅಂಥ ಕಡೆ ನೀರು ಸೋರಿ ಬಿಸಿ ಬಲ್ಬಿನ ಮೇಲೆ ಬಿದ್ದಿರಬಹುದೇ ಎಂದು ಅನುಮಾನಿಸಬೇಕು. ಸುರುಳಿ ಸರಿಯಾಗಿಯೇ ಕಂಡರೆ ಮಲ್ಟಿಮೀಟರಿನಲ್ಲಿ (ವೋಲ್ಟೇಜು, ಸಂಪರ್ಕ ಅಳೆಯುವ ಉಪಕರಣ) ಪಿನ್ನುಗಳ ನಡುವೆ ಸಂಪರ್ಕ ಇದೆಯೇ ಎಂದು ಪರೀಕ್ಷಿಸಿ. ಅಲ್ಲಿಯೂ ಸರಿ ಎಂದು ಬಂದರೆ ಹೊಸ ಬಲ್ಬಿಗೆ ಹಣ ಕೊಡುವ ಮೊದಲು ಕಪ್ಲರಿನ ಡಿಮ್ ಪಿನ್ನಿಗೆ 12 ವೋಲ್ಟ್ ಬರುತ್ತಿದೆಯೇ ನೋಡಿ.

ಹೊಸ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ, ಲೋಹದ ಭಾಗವನ್ನು ಮಾತ್ರ ಹಿಡಿಯಿರಿ. ಅದರ ಬಳೆಯ ಸುತ್ತ ಮೂರು ನಾಲಿಗೆಗಳಿದ್ದು, ಅಗಲವಾದದ್ದು ಮೇಲಕ್ಕೆ ಬರಬೇಕು. ಸರಿಯಾದ ಸ್ಥಾನದಲ್ಲಿ ಬಲ್ಬ್ ತಾನಾಗಿ ಕೂರುತ್ತದೆ, ಒತ್ತಾಯ ಬೇಕಾಯಿತೆಂದರೆ ಓರೆಯಾಗಿದೆ ಎಂದು ತಿಳಿದು ತೆಗೆದು ಮತ್ತೆ ಇಡಿ. ಕ್ಲಿಪ್ ಹಾಕಿ, ಬೂಟಿನ ಮೇಲೆ ‘ಟಾಪ್’ ಎಂಬ ಗುರುತಿದ್ದರೆ ಅದನ್ನು ಮೇಲೆ ಬರುವಂತೆ ಇಟ್ಟು, ಅಂಚಿನ ಸುತ್ತಲೂ ಬೆರಳಿನಿಂದ ಒತ್ತುತ್ತ ಬನ್ನಿ. ಬಲ್ಬಿನ ಮೂರು ಪಿನ್ನುಗಳು ಬೂಟಿನಿಂದ ಚೆನ್ನಾಗಿ ಹೊರಗೆ ಬಂದಿರಬೇಕು. ನಮ್ಮ ಊರಿನಲ್ಲಿ ಈ ಬೂಟ್ ಬಲ್ಬಿಗಿಂತ ಮುಖ್ಯ ಎಂಬುದು ನನ್ನ ಅಭಿಪ್ರಾಯ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಗಾಳಿಯಲ್ಲೇ ಉಪ್ಪಿರುವ ಕರಾವಳಿಯಲ್ಲಿ ಬೂಟ್ ಹರಿದಿದ್ದರೂ ಹಾಗೆಯೇ ಬಿಟ್ಟರೆ, ಒಳಗಿನ ಪ್ರತಿಫಲಕದ ಹೊಳಪು ಪದರ ಎದ್ದುಹೋಗಿ, ಆಮೇಲೆ ಎಂಥ ಬಲ್ಬ್ ಹಾಕಿದರೂ ರಸ್ತೆಗೆ ಬೆಳಕು ಬೀಳುವುದಿಲ್ಲ. ಗಟ್ಟಿಯಾಗಿ ಬಿರುಕು ಬಿಟ್ಟ ಬೂಟನ್ನು ಬಲ್ಬಿನ ಜೊತೆಗೇ ಬದಲಾಯಿಸಿ, ಅದು ದುಬಾರಿಯ ವಸ್ತುವಲ್ಲ.

ಕೆಲಸ ಮುಗಿದ ಮೇಲೆ ಕತ್ತಲಾದಾಗ ಸಮತಟ್ಟಾದ ಜಾಗದಲ್ಲಿ ಗೋಡೆಯ ಎದುರು ಕಾರನ್ನು ನಿಲ್ಲಿಸಿ ಡಿಮ್ ಹಾಕಿ ನೋಡಿ. ನಾವು ರಸ್ತೆಯ ಎಡಗಡೆ ಓಡಿಸುವುದರಿಂದ ಬೆಳಕಿನ ಮೇಲಂಚು ಬಲಗಡೆ ತಗ್ಗಾಗಿ, ಎಡಗಡೆಗೆ ಸ್ವಲ್ಪ ಏರಿಕೊಂಡು ಹೋಗುವಂತೆ ಕಾಣಬೇಕು. ಒಂದು ಬದಿಯ ಅಂಚು ಕದಡಿದಂತಿದ್ದರೆ ಅಥವಾ ಬೆಳಕು ಮೇಲಕ್ಕೆ ಚದುರಿದರೆ ಬಲ್ಬ್ ಸರಿಯಾಗಿ ಕೂತಿಲ್ಲ; ಹೆಡ್‌ಲೈಟಿನ ಹಿಂದಿರುವ, ಬೆಳಕಿನ ಎತ್ತರ ಹೊಂದಿಸುವ ಸ್ಕ್ರೂ ತಿರುಗಿಸಲು ಹೋಗದೆ ಬಲ್ಬನ್ನೇ ಮತ್ತೆ ಕೂರಿಸಿ.

ಉತ್ತರ 2: ಮಂಗಳೂರು, ಕಂಕನಾಡಿಯಿಂದ

ಸುರತ್ಕಲ್‌ನವರು ಕೆಲಸದ ಕ್ರಮವನ್ನು ಬಹಳ ಚೆನ್ನಾಗಿ ವಿವರಿಸಿದ್ದಾರೆ. ನಾನು ಭೌತಶಾಸ್ತ್ರ ಕಲಿಸುವವನಾದ್ದರಿಂದ ಅವರು ಹೇಳಿದ ಒಂದೆರಡು ಮಾತುಗಳ ಹಿಂದಿನ ಕಾರಣವನ್ನು, ಮತ್ತು 100/90 ವ್ಯಾಟಿನ ಪ್ರಶ್ನೆಗೆ ಉತ್ತರವನ್ನು ಬರೆಯುತ್ತೇನೆ.

ಎಚ್4 ಎಂಬುದು ಹ್ಯಾಲೊಜೆನ್ ಬಲ್ಬ್; ಅದರ ಫಿಲಮೆಂಟ್ ಟಂಗ್‌ಸ್ಟನ್ ಲೋಹದ್ದು. ಉರಿಯುವಾಗ ಅದರಿಂದ ಲೋಹ ಆವಿಯಾಗುತ್ತಲೇ ಇರುತ್ತದೆ. ಸಾಮಾನ್ಯ ಬಲ್ಬಿನಲ್ಲಿ ಆ ಆವಿ ಗಾಜಿಗೆ ಅಂಟಿ ಗಾಜು ಕಪ್ಪಾಗುತ್ತದೆ. ಇಲ್ಲಿ ಒಳಗೆ ತುಂಬಿರುವ ಅಯೋಡಿನ್ ಅಥವಾ ಬ್ರೋಮಿನ್ ಅನಿಲ ಅದರೊಂದಿಗೆ ಸಂಯೋಗಗೊಂಡು ಲೋಹವನ್ನು ಫಿಲಮೆಂಟಿನ ಕಡೆಗೆ ಮರಳಿಸುತ್ತದೆ. ಈ ಚಕ್ರ ನಡೆಯಬೇಕಾದರೆ ಗಾಜಿನ ಗೋಡೆ ಕನಿಷ್ಠ 250 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗಿರಬೇಕು. ಅದಕ್ಕಾಗಿಯೇ ಗಾಜಿನ ಬುರುಡೆಯನ್ನು ಫಿಲಮೆಂಟಿಗೆ ಅಷ್ಟು ಹತ್ತಿರ ಇಟ್ಟು ಸಣ್ಣದಾಗಿ ಮಾಡುತ್ತಾರೆ. ನಮ್ಮ ಬೆರಳಿನಲ್ಲಿರುವ ಜಿಡ್ಡೂ ಬೆವರಿನ ಉಪ್ಪೂ ಅಂಥ ಮೇಲ್ಮೈಯಲ್ಲಿ ಉಳಿದರೆ ಆ ಜಾಗ ಮಾತ್ರ ಅತಿಯಾಗಿ ಕಾಯುತ್ತದೆ, ಗಾಜಿನ ರಚನೆ ಅಲ್ಲಿ ಕೆಡುತ್ತದೆ, ಬಲ್ಬ್ ಅವಧಿಗೆ ಮೊದಲೇ ಒಡೆಯುತ್ತದೆ. ಬೆವರು ಆರದ ನಮ್ಮ ಹವೆಯಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಕೈ ತಗಲಿದ್ದರೆ ಔಷಧ ಅಂಗಡಿಯಲ್ಲಿ ಸಿಗುವ ಸ್ಪಿರಿಟಿನಲ್ಲಿ ಶುಭ್ರವಾದ ಬಟ್ಟೆಯನ್ನು ಅದ್ದಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿದರೆ ತೊಂದರೆಯಿಲ್ಲ.

ಈಗ ವ್ಯಾಟಿನ ವಿಷಯ. 12 ವೋಲ್ಟಿನಲ್ಲಿ 55 ವ್ಯಾಟಿನ ಫಿಲಮೆಂಟ್ ಸುಮಾರು 4.6 ಆಂಪಿಯರ್ ಎಳೆಯುತ್ತದೆ, 90 ವ್ಯಾಟಿನದು 7.5 ಆಂಪಿಯರ್ ಎಳೆಯುತ್ತದೆ. ವಯರಿನಲ್ಲಿ ಮತ್ತು ಪಿನ್ನಿನ ಸಂದಿಯಲ್ಲಿ ಹುಟ್ಟುವ ಶಾಖವು ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಅಲ್ಲಿನ ಬಿಸಿ ಒಂದೂವರೆ ಪಟ್ಟಲ್ಲ, ಸುಮಾರು 2.7 ಪಟ್ಟು ಆಗುತ್ತದೆ. ಪಿನ್ನಿಗೆ ಕರಾವಳಿಯ ತುಕ್ಕು ಹಿಡಿದು ರೋಧ ಹೆಚ್ಚಿದ್ದರೆ ಕೇಳುವುದೇ ಬೇಡ. ಕಪ್ಲರ್ ಕರಗುವುದು, ಪ್ರತಿಫಲಕ ಹೊಗೆಹಿಡಿದಂತೆ ಮಸುಕಾಗುವುದು ಇದರಿಂದಲೇ. ಹಳೆಯ ಕಾರಿನ ವಯರಿಂಗಿಗೆ 60/55 ವ್ಯಾಟ್ ಎಂಬುದೇ ಮಿತಿ ಎಂದು ಭಾವಿಸಿ, ಅದನ್ನು ದಾಟಬೇಡಿ.

ಎಲ್‌ಇಡಿ ಕರೆಂಟನ್ನು ಕಡಿಮೆ ಎಳೆಯುತ್ತದೆ ಎಂಬುದು ನಿಜ, ಆದರೆ ಅಲ್ಲಿನ ತೊಡಕು ಬೇರೆ. ಎಚ್4 ಬಲ್ಬಿನ ಡಿಮ್ ಫಿಲಮೆಂಟಿನ ಕೆಳಗೆ ಲೋಹದ ಸಣ್ಣ ಬಟ್ಟಲೊಂದು ಇರುವುದನ್ನು ಹಳೆಯ ಬಲ್ಬ್ ತೆಗೆದಾಗ ನೀವೇ ನೋಡಬಹುದು. ಪ್ರತಿಫಲಕದ ಕೆಳಭಾಗಕ್ಕೆ ಬೆಳಕು ಹೋಗದಂತೆ ಅದು ತಡೆಯುತ್ತದೆ; ಎದುರು ಬರುವವರ ಕಣ್ಣು ಉಳಿಯುವುದು ಆ ಬಟ್ಟಲಿನಿಂದ. ಇಡೀ ಪ್ರತಿಫಲಕದ ಲೆಕ್ಕಾಚಾರ ನಿಂತಿರುವುದು ಫಿಲಮೆಂಟ್ ಇರುವ ಬಿಂದುವಿನ ಮೇಲೆ. ಎಲ್‌ಇಡಿ ಚಿಪ್ಪುಗಳ ಗಾತ್ರವೂ ಸ್ಥಾನವೂ ಫಿಲಮೆಂಟಿನಂತಿಲ್ಲದ ಅಗ್ಗದ ಬಲ್ಬನ್ನು ಅಲ್ಲಿ ತುರುಕಿದಾಗ ಕಾರಿನ ಮುಂದೆ ಬಿಳಿಯಾಗಿ ಹೊಳೆಯುತ್ತದೆ, ಆದರೆ ಬೆಳಕು ಚದುರಿ ಮೇಲಕ್ಕೂ ಏಳುತ್ತದೆ. ಮಳೆಯಲ್ಲಿ ಕಷ್ಟ ಕೊಡುವುದು ಹೀಗೆ ಮೇಲೆದ್ದ ಬೆಳಕೇ. ಹಳದಿ ಬೆಳಕು ಮಳೆಯನ್ನು ಸೀಳುತ್ತದೆ ಎಂಬ ನಂಬಿಕೆಗೂ ಹೆಚ್ಚಿನ ಆಧಾರವಿಲ್ಲ. ಮಳೆಹನಿ ಬೆಳಕಿನ ತರಂಗಾಂತರಕ್ಕಿಂತ ಎಷ್ಟೋ ದೊಡ್ಡದಾದ್ದರಿಂದ ಎಲ್ಲ ಬಣ್ಣಗಳನ್ನೂ ಅದು ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತದೆ. ಬೆಳಕು ತಗ್ಗಿನಲ್ಲಿ, ಅಂಚು ಸ್ಪಷ್ಟವಾಗಿ ಬೀಳುವುದು ಮುಖ್ಯ. ನೀಲಿ ಲೇಪನದ ಹ್ಯಾಲೊಜೆನ್ ಬಲ್ಬುಗಳನ್ನೂ ಬಿಡಿ, ಆ ಲೇಪನ ಬೆಳಕಿನ ಒಂದು ಪಾಲನ್ನು ತಾನೇ ತಡೆದುಕೊಳ್ಳುತ್ತದೆ. ಬಲ್ಬಿನ ಬುಡದಲ್ಲಿ ವೃತ್ತದೊಳಗಿನ ‘ಇ’ ಅಕ್ಷರವೂ ಒಂದು ಸಂಖ್ಯೆಯೂ ಇರುವ ಮಾನ್ಯತೆಯ ಗುರುತನ್ನು ನೋಡಿ ಕೊಳ್ಳಿ.

ಬಲ್ಬುಗಳು ಪದೇ ಪದೇ ಹೋಗುತ್ತಿದ್ದರೆ ಮಾತ್ರ ಇನ್ನೊಂದು ಪರೀಕ್ಷೆ ಬೇಕು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಎರಡು ತುದಿಗಳ ನಡುವೆ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಇರುತ್ತದೆ. 15 ದಾಟಿದರೆ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರಿನಲ್ಲಿ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ ಎಂದು ಸಂಶಯಿಸಬೇಕು. ವೋಲ್ಟೇಜು ಶೇಕಡಾ 5ರಷ್ಟು ಏರಿದರೆ ಫಿಲಮೆಂಟಿನ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಉತ್ತರ 3: ಮಲ್ಪೆಯಿಂದ

ಹಿಂದಿನ ಲೈಟಿನ ಬಗ್ಗೆ ಮಾತ್ರ ಬರೆಯುತ್ತೇನೆ. ಬಂದರಿಗೆ ಹೋಗಿಬರುವ ವಾಹನಗಳಲ್ಲಿ ಇದೇ ತೊಂದರೆಯನ್ನು ಮತ್ತೆ ಮತ್ತೆ ನೋಡಿದ್ದೇನೆ. ಇಂಡಿಕೇಟರ್ ಹಾಕಿದಾಗ ಪಕ್ಕದ ಕೆಂಪು ದೀಪ ಮಿನುಗುವುದು, ಬ್ರೇಕ್ ಒತ್ತಿದಾಗ ಬೆಳಕು ಮಂಕಾಗುವುದು, ಇವೆರಡೂ ಒಟ್ಟಿಗೆ ಇದ್ದರೆ ಬಲ್ಬಿಗಿಂತ ಮೊದಲು ಅರ್ಥಿಂಗನ್ನು, ಅಂದರೆ ಕರೆಂಟು ಕಾರಿನ ಲೋಹದ ಮೈಗೆ ಮರಳುವ ಜೋಡಣೆಯನ್ನು, ನೋಡಬೇಕು. ಬಲ್ಬುಗಳಿಂದ ಹಾಗೆ ಮರಳಬೇಕಾದ ಕರೆಂಟಿಗೆ ದಾರಿ ಕಟ್ಟಿಹೋದಾಗ ಅದು ಪಕ್ಕದ ಬಲ್ಬಿನ ಫಿಲಮೆಂಟಿನ ಮೂಲಕ ಬೇರೆ ದಾರಿ ಹುಡುಕುತ್ತದೆ, ಆದ್ದರಿಂದ ಉರಿಯಬಾರದ್ದು ಮಂಕಾಗಿ ಉರಿಯುತ್ತದೆ, ಉರಿಯಬೇಕಾದ್ದು ಪೂರ್ತಿ ಉರಿಯುವುದಿಲ್ಲ.

ಡಿಕ್ಕಿ ತೆರೆದು, ಲೈಟಿನ ಅಸೆಂಬ್ಲಿಯನ್ನು ಹಿಡಿದಿರುವ ಸ್ಕ್ರೂ ಅಥವಾ ನಟ್ಟುಗಳನ್ನು ಬಿಚ್ಚಿ, ಅದನ್ನು ಹಿಂದಕ್ಕೆ ನೇರವಾಗಿ ಎಳೆದರೆ ಕೈಗೆ ಬರುತ್ತದೆ. ಹೋಲ್ಡರನ್ನು ತಿರುಗಿಸಿ ತೆಗೆಯಿರಿ. ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಅಲ್ಲಿರುವುದು 21/5 ವ್ಯಾಟಿನ ಬಲ್ಬ್. 21 ವ್ಯಾಟ್ ಬ್ರೇಕಿಗೆ, 5 ವ್ಯಾಟ್ ರಾತ್ರಿಯ ಕೆಂಪು ದೀಪಕ್ಕೆ. ಒತ್ತಿ ತಿರುಗಿಸಿದರೆ ಬಲ್ಬ್ ಹೊರಗೆ ಬರುತ್ತದೆ. ಅದರ ಎರಡು ಬದಿಯ ಮೊಳೆಗಳು ಒಂದೇ ಎತ್ತರದಲ್ಲಿರುವುದಿಲ್ಲ, ಒಂದು ಮೇಲೆ ಒಂದು ಕೆಳಗೆ ಇರುತ್ತವೆ. ತಿರುವುಮುರುವಾಗಿ ಹಾಕಬಾರದೆಂದೇ ಈ ವ್ಯವಸ್ಥೆ. ಬಲವಂತವಾಗಿ ಕೂರಿಸಿದರೆ ಬ್ರೇಕಿನ ಬೆಳಕು ಸದಾ ಉರಿಯುವಂತಾಗಿ ಹಿಂದಿನವರಿಗೆ ನೀವು ಬ್ರೇಕ್ ಒತ್ತಿದ್ದೇ ತಿಳಿಯುವುದಿಲ್ಲ. ಕಿತ್ತಳೆ ಬಣ್ಣದ ಇಂಡಿಕೇಟರ್ ಬಲ್ಬಿನ ಮೊಳೆಗಳು ಇನ್ನೊಂದು ರೀತಿ, ಅವು ಎದುರುಬದುರಾಗಿ ಇರುವುದಿಲ್ಲ. ಅಂಗಡಿಗೆ ಹೋಗುವಾಗ ಹಳೆಯ ಬಲ್ಬನ್ನು ಕೊಂಡೊಯ್ಯುವುದು ಇದಕ್ಕಾಗಿಯೇ ಒಳ್ಳೆಯದು.

ಹೋಲ್ಡರಿನ ಒಳಗೆ ಹಸಿರು ಕಿಲುಬು ಇದ್ದರೆ ನುಣ್ಣನೆಯ ಎಮರಿ ಕಾಗದವನ್ನು ಪೆನ್ಸಿಲ್‌ನಂಥ ಕಡ್ಡಿಗೆ ಸುತ್ತಿ ಉಜ್ಜಿ ತೆಗೆಯಿರಿ. ಇನ್ನೂ ಮುಖ್ಯವಾದದ್ದು, ಆ ವಯರಿಂಗಿನಿಂದ ಹೊರಟು ಡಿಕ್ಕಿಯೊಳಗೆ ಕಾರಿನ ಬಾಡಿಯ ಲೋಹಕ್ಕೆ ಸ್ಕ್ರೂ ಹಾಕಿ ಕೂರಿಸಿದ ಅರ್ಥ್ ತಂತಿ. ಅದನ್ನು ಬಿಚ್ಚಿ, ಬಾಡಿಯ ಮೇಲಿನ ತುಕ್ಕನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಬಿಗಿಯಾಗಿ ಮರಳಿ ಹಾಕಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ತೆಂಗಿನೆಣ್ಣೆ ಸವರುವ ರೂಢಿ ನಮ್ಮ ಕಡೆ ಕೆಲವರಿಗಿದೆ. ಅದು ಹರಿದುಹೋಗುತ್ತದೆ, ಧೂಳನ್ನು ಹಿಡಿದಿಡುತ್ತದೆ, ಆದ್ದರಿಂದ ಬೇಡ. ಅಸೆಂಬ್ಲಿಯ ಹಿಂದಿನ ಸ್ಪಂಜಿನ ಗ್ಯಾಸ್ಕೆಟ್ ಚಪ್ಪಟೆಯಾಗಿ ಸತ್ತಿದ್ದರೆ ಮಳೆನೀರು ಡಿಕ್ಕಿಗೂ ಇಳಿಯುತ್ತದೆ, ಅದನ್ನು ಬದಲಾಯಿಸದೆ ಮುಚ್ಚಬೇಡಿ.

ಒಬ್ಬರೇ ಇದ್ದಾಗ ಬ್ರೇಕ್ ಲೈಟ್ ನೋಡಲು ಪೆಡಲಿಗೂ ಸೀಟಿಗೂ ನಡುವೆ ಒಂದು ಕೋಲನ್ನು ಆನಿಸಿಟ್ಟು ಹಿಂದೆ ಹೋಗಿ ನೋಡಬಹುದು. ಎರಡೂ ಕಡೆಯ ಬ್ರೇಕ್ ಲೈಟ್ ಮತ್ತು ಮೇಲಿನ ಮೂರನೆಯದೂ ಒಟ್ಟಿಗೆ ಆರಿದ್ದರೆ ದೋಷ ಬಲ್ಬಿನದಲ್ಲ, ಪೆಡಲಿನ ಬಳಿಯ ಸ್ವಿಚ್ ಅಥವಾ ಫ್ಯೂಸಿನದು. ಕೈಯಾಡಿಸಿದ ಮೇಲೆ ನಂಬರ್ ಪ್ಲೇಟಿನ ಬಿಳಿ ಬಲ್ಬನ್ನೂ ನೋಡಿಬಿಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 105ನೇ ನಿಯಮದಂತೆ ಹಿಂದಿನ ಕೆಂಪು ದೀಪ 155 ಮೀಟರ್ ದೂರಕ್ಕೆ ಕಾಣಬೇಕು, ನಂಬರ್ 15 ಮೀಟರ್ ದೂರದಿಂದ ಓದಲು ಬರಬೇಕು.

ಉತ್ತರ 4: ಮಣಿಪಾಲದಿಂದ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಇದನ್ನು ಓದುವ ಎಲ್ಲರ ಕಾರೂ ಕಟಪಾಡಿಯವರ ಕಾರಿನಂತೆ ಇರುವುದಿಲ್ಲ ಎಂಬುದನ್ನು ಸೇರಿಸಬೇಕು. ಕೆಲವು ಹೊಸ ಕಾರುಗಳಲ್ಲಿ ಬಲ್ಬನ್ನು ತಲುಪಲು ಬಂಪರ್ ಬಿಚ್ಚಬೇಕು ಅಥವಾ ಚಕ್ರದ ಒಳಬದಿಯ ಪ್ಲಾಸ್ಟಿಕ್ ಹೊದಿಕೆ ತೆಗೆಯಬೇಕು. ಜಾಕಿನ ಮೇಲೆ ಕಾರನ್ನು ನಿಲ್ಲಿಸಿ ಅಂಥ ಕೆಲಸಕ್ಕೆ ಇಳಿಯುವುದು ಅಭ್ಯಾಸವಿಲ್ಲದವರಿಗೆ ಸಲ್ಲದು. ಕ್ಸೆನಾನ್ ದೀಪಗಳಲ್ಲಿ ಹೊತ್ತಿಸುವ ಕ್ಷಣದಲ್ಲಿ 20,000 ವೋಲ್ಟಿನ ಆಸುಪಾಸಿನ ಒತ್ತಡ ಹುಟ್ಟುತ್ತದೆ, ಅದಕ್ಕೆ ಮನೆಯಲ್ಲಿ ಕೈ ಹಾಕಲೇಬಾರದು. ಕಾರ್ಖಾನೆಯಿಂದಲೇ ಎಲ್‌ಇಡಿ ಬಂದಿರುವ ಹೆಡ್‌ಲೈಟುಗಳಲ್ಲಿ ಹಲವಕ್ಕೆ ಬದಲಾಯಿಸುವ ಬಲ್ಬೇ ಇಲ್ಲ. ವಾರಂಟಿ ಇರುವವರು ವಯರ್ ಕತ್ತರಿಸುವ ಯಾವ ಕೆಲಸವನ್ನೂ ಮಾಡಬೇಡಿ.

ದುರಸ್ತಿಯಾಗುವವರೆಗೆ ರಾತ್ರಿ ಓಡಿಸುವುದು ಅನಿವಾರ್ಯವಾದರೆ ವೇಗ ತಗ್ಗಿಸಿ ಬನ್ನಿ. ಎಡಗಡೆಯ ಬೆಳಕು ಇಲ್ಲದಾಗ ಕಾಣೆಯಾಗುವುದು ರಸ್ತೆಯಂಚಿನಲ್ಲಿ ನಡೆಯುವವರು ಮತ್ತು ಸೈಕಲ್ಲಿನವರು. ಬಲಗಡೆಯದು ಆರಿದ್ದರಂತೂ ಒಳರಸ್ತೆಗಳಲ್ಲಿ ಎದುರಿನವರು ಇದನ್ನು ಬೈಕ್ ಎಂದು ಭಾವಿಸಿ ಕಾರಿನ ಬಲಬದಿ ಇರುವ ಜಾಗಕ್ಕೇ ನುಗ್ಗುವ ಅಪಾಯ ಇದೆ. ಆಗುಂಬೆ, ಚಾರ್ಮಾಡಿಯಂಥ ಘಾಟಿಯನ್ನು ಒಂದೇ ಲೈಟಿನಲ್ಲಿ ಹತ್ತುವ ಆಲೋಚನೆಯನ್ನು ಯಾರೂ ಮಾಡಬಾರದು.

ಮರುಪ್ರಶ್ನೆ: ಕಟಪಾಡಿಯಿಂದ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಎಡಗಡೆಯ ಡಿಮ್ ಫಿಲಮೆಂಟ್ ತುಂಡಾಗಿತ್ತು. 60/55 ವ್ಯಾಟಿನ ಬಲ್ಬ್ ಹಾಕಿದೆ, ಗೋಡೆಯ ಮೇಲೆ ಅಂಚು ಸುರತ್ಕಲ್‌ನವರು ವಿವರಿಸಿದಂತೆಯೇ ಕಾಣುತ್ತಿದೆ. ಎಂಜಿನ್ ಓಡುವಾಗ ಮಲ್ಟಿಮೀಟರ್ 14.2 ತೋರಿಸಿತು. ಹಿಂದಿನ ಅರ್ಥ್ ಸ್ಕ್ರೂವಿನ ಕೆಳಗೆ ಪೂರ್ತಿ ತುಕ್ಕು ಇತ್ತು. ಉಜ್ಜಿ ಹಾಕಿದ ಕೂಡಲೇ, ಬಲ್ಬ್ ಬದಲಾಯಿಸದೆಯೇ, ಬ್ರೇಕ್ ಲೈಟ್ ಸರಿಯಾಯಿತು.

ಎರಡು ಸಂಶಯ ಉಳಿದಿವೆ. ಹೊಸ ಬಲ್ಬಿನ ಬದಿಯಲ್ಲಿ ಬೆಳಕು ಬಲಗಡೆಗಿಂತ ಬೆಳ್ಳಗೆ, ಹೆಚ್ಚಾಗಿ ಕಾಣುತ್ತದೆ. ಬಲಗಡೆಯದನ್ನೂ ಬದಲಾಯಿಸಬೇಕೇ? ಎಡಗಡೆಯ ಕಪ್ಲರಿನ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದಾಗಿದೆ, ಆದರೆ ಲೈಟ್ ಉರಿಯುತ್ತಿದೆ. ಹಾಗೆಯೇ ಬಿಡಬಹುದೇ?

ಉತ್ತರ 5: ಸುರತ್ಕಲ್‌ನಿಂದ

ಬಲಗಡೆಯದನ್ನೂ ಬದಲಾಯಿಸಿ. ಎರಡೂ ಬಲ್ಬುಗಳು ಒಂದೇ ಕಾಲ ಉರಿದಿರುವುದರಿಂದ ಅದರ ಸರದಿಯೂ ದೂರವಿಲ್ಲ, ಅಷ್ಟರಲ್ಲಿ ಅದರ ಬೆಳಕು ಕುಂದಿರುತ್ತದೆ. ತೆಗೆದ ಬಲಗಡೆಯ ಬಲ್ಬನ್ನು ಎಸೆಯದೆ, ಗಾಜು ಮುಟ್ಟದೆ, ಹೊಸದರ ಡಬ್ಬದಲ್ಲಿಟ್ಟು ಕಾರಿನಲ್ಲಿಯೇ ಇರಿಸಿಕೊಂಡರೆ ದಾರಿಯಲ್ಲಿ ಒಂದು ರಾತ್ರಿಯ ಮಟ್ಟಿಗೆ ಉಪಯೋಗಕ್ಕೆ ಬರುತ್ತದೆ.

ಕಂದಾದ ಕಪ್ಲರನ್ನು ಹಾಗೆಯೇ ಬಿಡಬೇಡಿ. ಆ ಪಿನ್ನಿನ ಹಿಡಿತ ಸಡಿಲವಾಗಿದೆ, ಸಡಿಲವಾದಷ್ಟೂ ಕಾಯುತ್ತದೆ, ಕಾದಷ್ಟೂ ಇನ್ನಷ್ಟು ಸಡಿಲವಾಗುತ್ತದೆ. ಕೊನೆಗೆ ಹೊಸ ಬಲ್ಬಿನ ಪಿನ್ನನ್ನೂ ಸುಡುತ್ತದೆ. ವಯರ್ ಸಮೇತ ಸಿಗುವ ಎಚ್4 ಕಪ್ಲರನ್ನು ಕೊಳ್ಳುವಾಗ ಅದರ ವಯರ್ ನಿಮ್ಮ ಕಾರಿನ ವಯರಿಗಿಂತ ತೆಳ್ಳಗಿರದಂತೆ ನೋಡಿಕೊಳ್ಳಿ. ಜೋಡಿಸುವುದಕ್ಕೆ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ, ಒಂದು ಸಲಕ್ಕೆ ಒಂದೇ ವಯರನ್ನು ಕತ್ತರಿಸಿ ಜೋಡಿಸಿ, ಆಗ ಮೂರೂ ಅದಲುಬದಲಾಗುವುದಿಲ್ಲ. ಬರಿಗೈಯಲ್ಲಿ ಹೊಸೆದು ಟೇಪ್ ಸುತ್ತಿದ ಜೋಡಣೆ ಎರಡನೇ ಮಳೆಗಾಲವನ್ನು ಕಾಣುವುದಿಲ್ಲ. ಬೆಸುಗೆ ಹಾಕಿ ಅಥವಾ ಸರಿಯಾದ ಇಕ್ಕಳದಿಂದ ಟರ್ಮಿನಲ್ ಒತ್ತಿ, ಮೇಲೆ ಬಿಸಿಗೆ ಕುಗ್ಗುವ ಕೊಳವೆಯನ್ನು ಹಾಕಿ. ಬೆಸುಗೆ ರೂಢಿಯಿಲ್ಲದಿದ್ದರೆ ಈ ಭಾಗವನ್ನು ಮಾತ್ರ ಆಟೋ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ, ಇದು ಕಾರನ್ನು ದಿನವಿಡೀ ಬಿಟ್ಟು ಬರುವಷ್ಟು ದೊಡ್ಡ ಕೆಲಸವಲ್ಲ.